ಕಸ್ತೂರಿಯ ಕುರ್ಚಿಯ ಸಣ್ಣ ಗಾಲಿಗಳು

ಪೂಜಾ, ಬರುವ ತಿಂಗಳಿನಿಂದ ನೀನು ಗಾಲಿಕುರ್ಚಿ ರಿಪೇರಿ ಕಲಿಯಲು ಹೋಗುತ್ತೀ ಎಂದು ನಿನ್ನ ಅಪ್ಪ ಹೇಳಿದ. ಅದನ್ನು ಕೇಳಿ ನಿನ್ನ ತಮ್ಮ ಮಲ್ಲು ನಕ್ಕು, "ಆಯಿ, ಗಾಲಿಗೆ ಹವಾ ಹೊಡಿಯೂದು ಕಲ್ಯಾಕ ಸಾಲಿ ಯಾಕ ಬೇಕ?" ಎಂದ. ನಾಲ್ಕು ಮಂದಿ ಕುಳಿತಲ್ಲಿ ಉತ್ತರ ಕೊಡುವುದು ನನಗೆ ಮೊದಲಿನಿಂದಲೂ ಆಗದು. ಒಬ್ಬಳೇ ಕುಳಿತರೆ ಬರೆಯಲು ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಊರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ತಪ್ಪು ಕಂಡರೆ ಇಬ್ಬರೂ ತಿದ್ದಿಕೊಂಡು ಓದಿರಿ.

ಇದರಲ್ಲಿ ಕಸ್ತೂರಿ ಎಂಬ ಹುಡುಗಿಯ ವಿಷಯ ಹೆಚ್ಚು ಬರುತ್ತದೆ. ಹತ್ತರಗಿಯವಳು, ಬಟ್ಟೆ ಹೊಲಿಯುವವಳು. ಕುರ್ಚಿಯ ಮುಂದಿನ ಗಾಲಿ ಕಚ್ಚಿಕೊಂಡು ಎರಡು ಸಲ ರಸ್ತೆಗೆ ಬಿದ್ದಿದ್ದಳು. ಇನ್ನೊಮ್ಮೆ ಬಿದ್ದರೆ ಕುರ್ಚಿ ಅಟ್ಟಕ್ಕೆ, ಅವಳು ಮನೆಯೊಳಕ್ಕೆ ಎಂದು ಅವಳ ಅಣ್ಣ ಹೇಳಿಬಿಟ್ಟಿದ್ದ. ಗಾಲಿ ಯಾಕೆ ಕಚ್ಚಿಕೊಳ್ಳುತ್ತದೆ ಎಂದು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ಅದಕ್ಕಿಂತ ಮೊದಲು ನಾನು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಹೇಳಬೇಕು.

ನಿಮ್ಮ ಅಜ್ಜ ಮೂಡಲಗಿಯ ಬಸ್ ಸ್ಟ್ಯಾಂಡಿನ ಬಾಜೂ ಸೈಕಲ್ ಅಂಗಡಿ ಇಟ್ಟಿದ್ದರು. ಮೂಡಲಗಿ ಆಗ ಇನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಅಂಗಡಿಯ ಮುಂಭಾಗ ಅವರದು, ಹಿಂಭಾಗ ನನ್ನದು. ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಒಳಗೆ ಕುಳಿತು ಪಂಕ್ಚರ್ ಹಚ್ಚುತ್ತಿದ್ದೆ, ಕಡ್ಡಿ ಬಿಗಿದು ಗಾಲಿಯ ಔಟ್ ತೆಗೆಯುತ್ತಿದ್ದೆ. ಔಟ್ ಎಂದರೆ ಗಾಲಿ ನೆಟ್ಟಗೆ ತಿರುಗದೆ ಆಚೀಚೆ ಓಲಾಡುವುದು. ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ, ಎಲ್ಲಿ ಓಲುತ್ತದೋ ಅಲ್ಲಿ ಒಂದು ಕಡೆಯ ಕಡ್ಡಿ ಬಿಗಿದು ಇನ್ನೊಂದು ಕಡೆಯದನ್ನು ಸಡಿಲಿಸಬೇಕು. ಅವಸರದವರಿಗೆ ಬರುವ ಕೆಲಸವಲ್ಲ. ಅಜ್ಜನಿಗೆ ಅವಸರ ಬಹಳ. ಹೀಗಾಗಿ ಔಟ್ ತೆಗೆಯುವುದೆಲ್ಲ ನನ್ನ ಪಾಲಿಗೆ ಬಂದಿತ್ತು.

ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಅವರ ಜೊತೆಗಾರ ದಸ್ತಗೀರಣ್ಣ ಆಗ ಗೋಕಾಕದ ಒಂದು ಸಂಸ್ಥೆಯಲ್ಲಿದ್ದರು. ನಡೆಯಲಾಗದವರಿಗೆ ಗಾಲಿಕುರ್ಚಿ ಕೊಡುವ ಸಂಸ್ಥೆ. ಕೊಟ್ಟ ಕುರ್ಚಿಗಳು ಕೆಟ್ಟರೆ ಹಳ್ಳಿಗಳಿಗೆ ಹೋಗಿ ಸರಿ ಮಾಡುವುದು ದಸ್ತಗೀರಣ್ಣನ ಕೆಲಸ. ಒಂದು ದಿನ ಮನೆಗೆ ಬಂದು ಹೊಸಲಿನ ಹೊರಗೇ ನಿಂತು ಹೇಳಿದರು:

"ವೈನಿ, ನಮಗ ಗಾಲಿ ಹಿಡಿಯೂ ಕೈ ಬೇಕಾಗೇತಿ. ಬಾಯಿ ಬ್ಯಾಡ. ಮಾತಾಡೂದೆಲ್ಲಾ ನನ್ನ ಕಡಿ ಇರಲಿ. ನೀವು ಬರ್ರಿ."

ಬಾಯಿ ಬೇಡ ಎಂದಿದ್ದಕ್ಕೇ ನಾನು ಹೋದೆ.

ಮೊದಲ ದಿನ ಒಂದು ಕುರ್ಚಿಯನ್ನು ತಲೆಕೆಳಗೆ ನಿಲ್ಲಿಸಿ ದಸ್ತಗೀರಣ್ಣ ಕೇಳಿದರು, "ಇದಕ್ಕೂ ಸೈಕಲ್ಲಿಗೂ ಏನ ಫರಕ ಐತಿ, ಹೇಳ್ರಿ?" ನಾನು ಗಾಲಿಯ ಅಳತೆ, ಕಡ್ಡಿಯ ಉದ್ದ ಎಂದೆಲ್ಲ ಮೆಲ್ಲಗೆ ಹೇಳಿದೆ. ಅವರು ತಲೆಯಾಡಿಸಿದರು.

"ಗಾಲಿ ಕೈ ಕೊಟ್ಟರ ಸೈಕಲ್ಲಿನಾಂವ ಕಾಲ ಊರತಾನ. ಇದರಾಗ ಕುಂತಾಂವ ಏನ ಊರಬೇಕ್ರಿ?"

ಅಂದಿನಿಂದ ಯಾವ ಕುರ್ಚಿಯ ನಟ್ಟು ಬಿಗಿದರೂ ಆ ಮಾತು ನೆನಪಿಗೆ ಬರುತ್ತಿತ್ತು. ಆದರೆ ಬಿಗಿಯುವುದರಲ್ಲೂ ಹದ ಇದೆ ಎಂದು ತಿಳಿಯಲು ಸ್ವಲ್ಪ ಕಾಲ ಬೇಕಾಯಿತು. ಮೂಡಲಗಿಯಲ್ಲಿ ಒಬ್ಬರು ಕುರ್ಚಿಯಲ್ಲಿ ಕುಳಿತೇ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಅವರ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಗಡಗಡ ಅನ್ನುತ್ತಿದ್ದವು. ಬಿದ್ದಾರೆಂಬ ಹೆದರಿಕೆಗೆ ನಾನು ಗಾಲಿ ಹಿಡಿದ ಕವೆಯ ನಟ್ಟನ್ನು ಬಲ ಹಾಕಿ ಬಿಗಿದೆ. ಸಣ್ಣ ಗಾಲಿ ಉರುಳಿದರೆ ಸಾಲದು, ಆ ಕವೆ ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. ಅದು ಹೊರಳಲಿಲ್ಲ. ಮನುಷ್ಯ ನೆಟ್ಟಗೆ ಹೋಗಿ ಮೆಣಸಿನಕಾಯಿ ಚೀಲಕ್ಕೆ ಗುದ್ದಿದರು. ಮರುದಿನ ಹೋದಾಗ ಸೀನುತ್ತಲೇ ಹೇಳಿದರು:

"ಅಕ್ಕಾರ, ಎಡಕ ಅಂದ್ರ ಹೋಗವಲ್ಲದು, ಬಲಕ ಅಂದ್ರ ಹೋಗವಲ್ಲದು. ನನ್ನ ಹೇಣ್ತಿಕಿಂತಾ ಹಟಮಾರಿ ಮಾಡಿ ಇಟ್ಟೀರಲ್ರಿ ಇದನ್ನ."

"ಇಲ್ಲೇ ಅದೇನಿ, ಕೇಳಸ್ತೈತಿ," ಎಂದು ಒಳಗಿನಿಂದ ದನಿ ಬಂತು.

ಈಗ ನೀನು ಕಲಿಯುವಾಗ ನೆನಪಿಟ್ಟುಕೋ. ಬಿಗಿದ ಮೇಲೆ ಕುರ್ಚಿಯನ್ನು ಒಂದು ಕಡೆ ವಾಲಿಸಿದರೆ ಸಣ್ಣ ಗಾಲಿ ತಾನಾಗಿ ಹೊರಳಬೇಕು. ಹೊರಳದಿದ್ದರೆ ಬಿಗಿ ಹೆಚ್ಚಾಯಿತು. ಸುಮ್ಮನೆ ಕುಣಿದರೆ ಕಡಿಮೆಯಾಯಿತು.

ಹಿಂದಿನ ದೊಡ್ಡ ಗಾಲಿಗಳ ತೊಂದರೆಯೇ ಬೇರೆ. ನಮ್ಮ ಕಡೆ ಕಬ್ಬಿನ ಹೊಲ, ಕಾಲುವೆ ದಂಡೆ, ಜಾಲಿ ಮುಳ್ಳು, ನೆಗ್ಗಿಲು ಮುಳ್ಳು. ಮುಳ್ಳು ಚುಚ್ಚಿದ ಕೂಡಲೇ ಗಾಳಿ ಪೂರ್ತಿ ಹೋದರೆ ಒಳ್ಳೆಯದೇ, ಗೊತ್ತಾಗುತ್ತದೆ. ಮೆಲ್ಲಗೆ ಇಳಿದರೆ ಗೊತ್ತಾಗುವುದಿಲ್ಲ. ಕುರ್ಚಿಯ ಬ್ರೇಕು ಸೈಕಲ್ಲಿನ ಬ್ರೇಕಿನ ಹಾಗೆ ರಿಮ್ಮನ್ನು ಹಿಡಿಯುವುದಿಲ್ಲ, ಟೈರನ್ನೇ ಒತ್ತಿ ನಿಲ್ಲಿಸುತ್ತದೆ. ಟೈರು ಮೆತ್ತಗಾದರೆ ಹಿಡಿಕೆ ಎಳೆದಿರುತ್ತದೆ, ಖಟ್ಟೆಂದು ಸಪ್ಪಳವೂ ಬರುತ್ತದೆ, ಗಾಲಿ ಮಾತ್ರ ನಿಂತಿರುವುದಿಲ್ಲ.

ಧುಪದಾಳದಲ್ಲಿ ಸಿದ್ದಪ್ಪಜ್ಜ ಎಂಬ ಹಿರಿಯರಿದ್ದರು. ಹೊಳೆಯ ಕಡೆಗೆ ಇಳಿಜಾರಾದ ಓಣಿಯಲ್ಲಿ ಅವರ ಮನೆ. ಸಂಜೆ ಒಡ್ಡಿನ ಮೇಲಿಂದ ನೀರು ಬೀಳುವುದನ್ನು ನೋಡುತ್ತ ಅಲ್ಲೇ ಕುರ್ಚಿ ನಿಲ್ಲಿಸಿಕೊಂಡು ಕುಳಿತಿರುತ್ತಿದ್ದರು. ನಾವು ಹೋದಾಗ ತೊಡೆಯ ಮೇಲೆ ಟವೆಲ್ಲಿನಲ್ಲಿ ಏನೋ ಸುತ್ತಿ ಇಟ್ಟುಕೊಂಡಿದ್ದರು.

"ಅಜ್ಜಾ, ಉಡ್ಯಾಗ ಏನೈತಿ?" ಎಂದರು ದಸ್ತಗೀರಣ್ಣ.

"ಬ್ರೇಕ್ ಐತೋ." ಅಜ್ಜ ಟವೆಲು ಬಿಚ್ಚಿ ಒಂದು ಕಲ್ಲು ತೋರಿಸಿದರು. "ನೀವು ಕೊಟ್ಟ ಬ್ರೇಕ್ ನಾಕ ದಿನ ಹಿಡೀತು. ಇದು ಹುಟ್ಟಿದಾಗಿಂದ ಹಿಡಿಯಾಕತ್ತೈತಿ."

ಎಲ್ಲಿ ನಿಂತರೂ ಆ ಕಲ್ಲನ್ನು ಗಾಲಿಯ ಕೆಳಗೆ ಇಡಲು ಯಾರನ್ನಾದರೂ ಕರೆಯುತ್ತಿದ್ದರು. ಯಾರೂ ಸಿಗದ ದಿನ ಏನು ಮಾಡುತ್ತಿದ್ದರೋ. ಟ್ಯೂಬ್ ತೆಗೆದು ನೀರಿನಲ್ಲಿ ಅದ್ದಿದಾಗ ಸಾಸಿವೆಯಷ್ಟು ಗುಳ್ಳೆ ಏಳುತ್ತಿತ್ತು. ಮುಳ್ಳಿನ ತುದಿ ಟೈರಿನಲ್ಲೇ ಇತ್ತು. ಅದನ್ನು ಬಿಟ್ಟು ಬರೀ ಟ್ಯೂಬಿಗೆ ಪಂಕ್ಚರ್ ಹಚ್ಚಿದ್ದರೆ ಮರುದಿನ ಮತ್ತೆ ಅದೇ ಕಥೆ. ಟೈರಿನ ಒಳಗೆ ಬೆರಳಾಡಿಸಿ ನೋಡದೆ ಎಂದೂ ಟ್ಯೂಬ್ ಹಾಕಬೇಡ. ಬೆರಳಿಗೆ ಬಟ್ಟೆ ಸುತ್ತಿಕೋ.

ಮುಂದಿನ ಸಲ ಹೋದಾಗ ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು. ಕಲ್ಲು ಮಾತ್ರ ತೊಡೆಯ ಮೇಲೆಯೇ ಇತ್ತು.

"ಇನ್ನ ಕಲ್ಲ ಯಾಕ ಅಜ್ಜಾ?"

"ಇಷ್ಟ ದಿನಾ ದುಡದೈತಿ. ಮನ್ಯಾಗ ಬಿಟ್ಟ ಬಂದ್ರ ಅದಕ್ಕ ಬ್ಯಾಸರ ಆಗೂದಿಲ್ಲೇನು?"

ಆ ಮೇಲೆ ನಮಗೆ ಮೇಲಧಿಕಾರಿಯಾಗಿ ಸುಜಾತಾ ಮೇಡಂ ಬಂದರು. ಧಾರವಾಡದಲ್ಲಿ ಓದಿದವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಅವರು ಬರುವ ಮೊದಲು ನಾವು ಕೆಟ್ಟ ಮೇಲೆ ಹೋಗುತ್ತಿದ್ದೆವು. ಕುರ್ಚಿ ಮುರಿದು ಮೂಲೆ ಸೇರಿ, ಅದರ ಮೇಲೆ ಕೋಳಿ ಕೂತು, ಆ ನಂತರ ಯಾರೋ ಸಂಸ್ಥೆಗೆ ಸುದ್ದಿ ಮುಟ್ಟಿಸುತ್ತಿದ್ದರು. ಮೇಡಂ ಅದನ್ನು ಬದಲಿಸಿದರು. ಕುರ್ಚಿಯಲ್ಲಿ ಕುಳಿತವರಿಗೇ ಗಾಲಿ ನೋಡುವುದನ್ನು ಕಲಿಸಬೇಕು ಎಂದರು. ಮುಂಜಾನೆ ಹೊರಡುವ ಮೊದಲು ಹೆಬ್ಬೆರಳಿನಿಂದ ಟೈರು ಒತ್ತಿ ನೋಡುವುದು. ಎರಡೂ ಕಡೆ ಗಾಳಿ ಸಮ ಇಲ್ಲದಿದ್ದರೆ ಕುರ್ಚಿ ಒಂದೇ ಕಡೆಗೆ ಎಳೆಯುತ್ತದೆ. ಬ್ರೇಕು ಹಾಕಿ ತಳ್ಳಿ ನೋಡುವುದು. ಕೈಯಿಂದ ತಳ್ಳುವ ಹೊರಬಳೆಯ ಮೇಲೆ ಅಂಗೈ ಸವರಿ ಎಲ್ಲಾದರೂ ತಗಡು ಎದ್ದಿದೆಯೇ ಎಂದು ನೋಡುವುದು. ಮನೆಯವರ ಕೈಯಲ್ಲಿ ಮುಂಭಾಗ ಎತ್ತಿಸಿ ಸಣ್ಣ ಗಾಲಿಗಳನ್ನು ತಿರುವಿ ಬಿಡುವುದು. ಗಾಲಿ ಬಹಳ ಹೊತ್ತು ತಿರುಗಬೇಕು. ಬೇಗ ನಿಂತರೆ ಒಳಗೆ ಏನೋ ಸೇರಿದೆ ಎಂದೇ ಅರ್ಥ.

ಇದನ್ನೆಲ್ಲ ಹುಕ್ಕೇರಿಯ ಶಿಬಿರದಲ್ಲಿ ನಾನೇ ಹೇಳಬೇಕು ಎಂದು ಮೇಡಂ ಹಟ ಹಿಡಿದರು. ಮುಂದೆ ಅಷ್ಟು ಮಂದಿ ಕುಳಿತಿದ್ದರು. ಕಣ್ಣೆತ್ತದೆ ಕೈಯಲ್ಲಿದ್ದ ಗಾಲಿಯನ್ನೇ ನೋಡುತ್ತ ಹೇಳತೊಡಗಿದೆ. ಯಾರೋ ನಕ್ಕರು. ನಾನು ನಿಲ್ಲಿಸಿದೆ. ಮೇಡಂ ಪಕ್ಕಕ್ಕೆ ಬಂದು ಮೆಲ್ಲಗೆ, "ನೀವು ಗಾಲಿಗೇ ಹೇಳ್ರಿ ಅಕ್ಕಾರ. ಅವರು ಕದ್ದು ಕೇಳಿಸ್ಕೋತಾರ," ಎಂದರು. ಕೊನೆಯವರೆಗೂ ಗಾಲಿಗೇ ಹೇಳಿದೆ. ನಕ್ಕವರೂ ಕೇಳಿಸಿಕೊಂಡರು.

ಆ ಶಿಬಿರಕ್ಕೆ ಕಸ್ತೂರಿ ಬಂದಿರಲಿಲ್ಲ. ಅಷ್ಟರಲ್ಲೇ ಅವಳು ಮೊದಲ ಸಲ ಬಿದ್ದಿದ್ದಳು.

ಸಣ್ಣಂದಿನ ಜ್ವರದಿಂದ ಅವಳ ಕಾಲುಗಳಲ್ಲಿ ಬಲ ಇರಲಿಲ್ಲ. ಕೈ ಮಾತ್ರ ಗಟ್ಟಿ, ಬಾಯಿ ಇನ್ನೂ ಗಟ್ಟಿ. ತಾಯಿ ನಿಂಗವ್ವ ಕೂಲಿಗೆ ಹೋಗುತ್ತಿದ್ದಳು. ಅಣ್ಣ ಬಸು ಸಂಕೇಶ್ವರದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹೆದ್ದಾರಿಯ ಬಾಜೂ ಸರ್ವಿಸ್ ರಸ್ತೆಯಲ್ಲಿ ಒಂದು ಟೇಲರಿಂಗ್ ಅಂಗಡಿ ಇತ್ತು. ಅದರ ಒಡತಿ ಕಸ್ತೂರಿಗೆ ಬಾಗಿಲ ಹತ್ತಿರ ಜಾಗ ಕೊಟ್ಟು, ಮೋಟಾರು ಹಚ್ಚಿದ ಮಶೀನು ಕೊಟ್ಟಿದ್ದಳು. ಓಣಿಯಿಂದ ಇಳಿದು ಸರ್ವಿಸ್ ರಸ್ತೆ ಹಿಡಿದು ಕಸ್ತೂರಿ ತಾನೇ ಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದಳು. ಓಣಿ ಮುಗಿದು ರಸ್ತೆ ಸೇರುವಲ್ಲಿ ಇಳಿಜಾರು. ಒಂದು ದಿನ ಅಲ್ಲಿ ಮುಂದಿನ ಗಾಲಿ ಕಚ್ಚಿಕೊಂಡಿತು. ಕುರ್ಚಿ ನಿಂತಿತು, ಅವಳು ನಿಲ್ಲಲಿಲ್ಲ. ಗದ್ದ ಒಡೆಯಿತು.

ನಾವು ಹೋಗಿ ಗಾಲಿ ಬಿಚ್ಚಿದೆವು. ಅಚ್ಚಿನ ಸುತ್ತ ದಾರ ಸುತ್ತಿ ಸುತ್ತಿ, ಗ್ರೀಸು ಮಣ್ಣು ಕೂಡಿ ಕರಿಯ ಉಂಡೆಯಾಗಿತ್ತು. ದಸ್ತಗೀರಣ್ಣ ನಕ್ಕರು.

"ದರ್ಜಿ ಗಾಲಿ ದಾರಾ ತಿನ್ನದ ಹುಲ್ಲ ತಿಂತೈತೇನು? ಅಂಗಡ್ಯಾಗ ಕಸಾ ಹೊಡದ ಖುರ್ಚಿ ತಿರಗಸಬೇಕವಾ."

"ದಿನಾ ಹೊಡೀತೇನ್ರಿ ಮಾಮಾ," ಎಂದಳು ಕಸ್ತೂರಿ. ನಮಗೆ ಆ ಮಾತು ಮನಸ್ಸಿಗೆ ಹತ್ತಲಿಲ್ಲ. ಹೊಲಿಯುವವಳ ಗಾಲಿಯಲ್ಲಿ ದಾರ ಕಂಡರೆ ಯಾರಿಗಾದರೂ ಹೊಲಿಗೆಯ ದಾರ ಎಂದೇ ಅನ್ನಿಸುತ್ತದೆ. ದಾರ ಕತ್ತರಿಸಿ ಎಸೆದು, ಚಿಮಣಿ ಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸು ತುಂಬಿ ಬಂದೆವು.

ಆಮೇಲೆ ಅವಳು ಅದೇ ಇಳಿಜಾರಿನಲ್ಲಿ ಎರಡನೆಯ ಸಲ ಬಿದ್ದಳು. ಈ ಸಲ ಲಾರಿಯೊಂದು ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುತ್ತಿತ್ತು. ಡ್ರೈವರ್ ಬ್ರೇಕು ಹಾಕಿದ. ನಾವು ಹೋದಾಗ ಬಸು ಅಂಗಳದಲ್ಲೇ ನಿಂತಿದ್ದ.

"ನೋಡ್ರಿ ಮಾಮಾ, ಬಿದ್ದಾಗ ಎತ್ತಾಂವ ನಾನು. ಲಾರಿ ಗಾಲಿ ಇಷ್ಟ ದೂರ ಇತ್ತು. ಇನ್ನೊಮ್ಮೆ ಬಿದ್ಲಂದ್ರ ಖುರ್ಚಿ ಅಟ್ಟದ ಮ್ಯಾಲ. ಮನ್ಯಾಗ ಕುಂತ ಹೊಲೀಲಿ."

"ಮನ್ಯಾಗ ಕುಂತ್ರ ಅಳತಿ ಕೊಡಾಕ ಯಾರ ಬರತಾರ? ನಿನ್ನ ಟ್ರ್ಯಾಕ್ಟರಿಗೆ ಜಂಪರ್ ಹೊಲೀಲೇನು?" ಎಂದಳು ಕಸ್ತೂರಿ.

"ಬಾಯಿಗೇನ ಕಡಮಿ ಇಲ್ಲ."

"ಕಾಲಿಗೆ ಕಡಮಿ ಐತೆಲ್ಲಾ, ಬಾಯಿಗರೆ ಇರಲಿ."

ಬಸು ಒಳಗೆ ಹೋದ. ಅವನು ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ. ಅವನು ಹೋದ ಮೇಲೆ ಕಸ್ತೂರಿ ದನಿ ತಗ್ಗಿಸಿ ನನಗೆ ಹೇಳಿದಳು, "ಕಾಕೂ, ಸಣ್ಣಾಕಿ ಇದ್ದಾಗಿಂದ ಆ ಕಿಡಕ್ಯಾಗಿಂದನ ನೋಡೇನಿ. ಮತ್ತ ಅಲ್ಲೇ ಕುಂದರಸಬ್ಯಾಡ್ರಿ ನನ್ನ."

ಎರಡೂ ಸಣ್ಣ ಗಾಲಿಗಳನ್ನು ತೆಗೆದು ಹೊಸವನ್ನು ಹಾಕಿದೆವು. ಹಳೆಯ ಗಾಲಿಯಿಂದ ಕಿತ್ತ ಉಂಡೆಯನ್ನು ಈ ಸಲ ನಾನು ಎಸೆಯಲಿಲ್ಲ, ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಯಾಕೆಂದರೆ ಕೀಳುವಾಗ ಅದು ಹರಿದಿರಲಿಲ್ಲ. ಹೊಲಿಗೆಯ ದಾರ ಎಳೆದರೆ ಪಟ್ಟನೆ ಹರಿಯುತ್ತದೆ. ಮನೆಯಲ್ಲಿ ಉಂಡೆಯನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿ, ಸೂಜಿಯಿಂದ ಎಳೆ ಎಳೆ ಬಿಡಿಸಿದೆ. ದಪ್ಪ ಹುರಿ ದಾರ. ಹೆಚ್ಚಿನದು ಕರಿದು, ಕೆಲವು ಕೆಂಪು, ಒಂದು ತುಂಡು ಹಸಿರು. ಎಲ್ಲದರಲ್ಲೂ ಗಂಟುಗಳಿದ್ದವು. ಸಿಕ್ಕಿ ಬಿದ್ದ ಗಂಟಲ್ಲ. ಒಂದರ ಪಕ್ಕ ಒಂದು, ಯಾರೋ ಕುಳಿತು ಹಾಕಿದ ಗಂಟು.

ಮರುದಿನ ದಸ್ತಗೀರಣ್ಣನಿಗೆ ತೋರಿಸಿದೆ. ಅವರು ಹಸಿರು ತುಂಡನ್ನು ಬೆರಳಲ್ಲಿ ತಿರುವಿ ನೋಡಿದರು.

"ವೈನಿ, ಇದು ದರ್ಜಿ ದಾರಾ ಅಲ್ಲ. ಇಂಥಾದ್ದು ನಮ್ಮ ದರ್ಗಾದಾಗ ಕೊಡತಾರ. ಕರೀದು, ಕೆಂಪದು ನಿಮ್ಮ ಗುಡ್ಯಾಗಿಂದ ಇದ್ದಾವು."

ಅಂಗಡಿಯಲ್ಲಿ ನೋಡಿ ಪ್ರಯೋಜನವಿಲ್ಲ, ಕುರ್ಚಿ ಮನೆಯಿಂದ ಹೊರಡುವ ಹೊತ್ತಿಗೆ ನೋಡಬೇಕು ಎಂದುಕೊಂಡು, ಹೇಳದೆ ಕೇಳದೆ ಮುಂಜಾನೆಯ ಬಸ್ಸಿಗೆ ಹತ್ತರಗಿಗೆ ಹೋದೆವು. ಕಸ್ತೂರಿ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಳು. ನಿಂಗವ್ವ ಅವಳ ಮುಂದೆ ನೆಲದ ಮೇಲೆ ಮೊಳಕಾಲೂರಿ, ತುಟಿಯಲ್ಲೇ ಏನೋ ಅನ್ನುತ್ತ, ಸಣ್ಣ ಗಾಲಿಯ ಕವೆಗೆ ಕರಿದಾರ ಕಟ್ಟುತ್ತಿದ್ದಳು. ದಾರದ ತುದಿ ಗಾಲಿಯ ಮೇಲೆ ಜೋತು ಬಿದ್ದಿತ್ತು.

"ಯವ್ವಾ, ಲಗೂ ಮಾಡ. ಹೊತ್ತಾತು," ಎನ್ನುತ್ತಿದ್ದಳು ಮಗಳು.

ಆಮೇಲೆ ತಿಳಿದದ್ದು: ಕುರ್ಚಿ ಮನೆಗೆ ಬಂದ ದಿನ ಓಣಿಯವರೆಲ್ಲ ನೋಡಲು ಬಂದಿದ್ದರಂತೆ. ಅಷ್ಟು ಜನರ ದೃಷ್ಟಿ ತಾಗಬಾರದೆಂದು ನಿಂಗವ್ವ ಮೊದಲ ದಾರ ಕಟ್ಟಿದಳು. ಮಗಳು ಬಿದ್ದ ಮೇಲೆ ಗುಡಿಯಿಂದ ತಂದು ಇನ್ನೊಂದು. ಅದೂ ಸಾಲದೆಂದು ದರ್ಗಾದಿಂದ ತಂದು ಮತ್ತೊಂದು. ಕಟ್ಟಿದ್ದು ಸಂಜೆಗೆ ಕಾಣುತ್ತಿರಲಿಲ್ಲ. ದೃಷ್ಟಿಯನ್ನು ತಾನೇ ತೆಗೆದುಕೊಂಡು ಉದುರಿಹೋಯಿತು ಎಂದು ತಿಳಿದು ಹೊಸದು ಕಟ್ಟುತ್ತಿದ್ದಳು. ಗಾಲಿ ಅದನ್ನು ದಿನವೂ ಒಳಗೆ ಎಳೆದುಕೊಳ್ಳುತ್ತಿತ್ತು.

ದಸ್ತಗೀರಣ್ಣ ಬಾಯಿ ತೆರೆದರು. ನಾನು ಅವರ ಚೀಲ ಜಗ್ಗಿದೆ. ಬಸು ಅಲ್ಲೇ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ಅವನ ಮುಂದೆ ಹೇಳಿದರೆ ತಾಯಿಯ ಮೇಲೆ ಹರಿಹಾಯುತ್ತಿದ್ದ, ಆ ಸಿಟ್ಟಿನಲ್ಲೇ ಕುರ್ಚಿಯೂ ಅಟ್ಟ ಸೇರುತ್ತಿತ್ತು. ದಸ್ತಗೀರಣ್ಣನಿಗೆ ಅರ್ಥವಾಯಿತು.

"ಏ ಬಸು, ನಿನ್ನ ಟ್ರಾಲಿ ಹಿಂದಿನ ಟೈರ್ ಯಾಕೋ ಕುಂತಂಗ ಕಾಣತೈತಿ. ಬಾ, ನೋಡೂಣು."

"ನಿನ್ನೇರೆ ಹವಾ ಹೊಡಸೇನಿ ಮಾಮಾ."

"ನಿನ್ನೆ ಹೊಡಸಿದ್ದು ನಿನ್ನೀಗೆ. ಬಾರೋ."

ಇಬ್ಬರೂ ಹೊರಗೆ ಹೋದರು. ಇನ್ನು ಮಾತಾಡುವವಳು ನಾನೊಬ್ಬಳೇ. ನಿಂಗವ್ವನ ಬಾಜೂ ನೆಲಕ್ಕೆ ಕುಳಿತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. ಸೆರಗಿನ ಗಂಟು ಬಿಚ್ಚಿ ಬಿಡಿಸಿದ್ದ ದಾರಗಳನ್ನು ಅವಳ ಅಂಗೈ ಮೇಲೆ ಇಟ್ಟೆ.

ನಿಂಗವ್ವ ನೋಡಿದಳು. ಒಂದು ಗಂಟನ್ನು ಉಗುರಿನಿಂದ ಮುಟ್ಟಿದಳು. ತಾನು ಹಾಕಿದ ಗಂಟು ಯಾರಿಗೆ ಗೊತ್ತಾಗುವುದಿಲ್ಲ?

"ಎಲ್ಲಿ ಸಿಕ್ಕೂವು ತಂಗಿ?"

"ಗಾಲಿ ಒಳಗ್ರಿ ಅಕ್ಕಾರ."

ಅವಳು ಗಾಲಿಯನ್ನು ನೋಡಿದಳು, ಆಗಷ್ಟೇ ಕಟ್ಟಿದ ದಾರವನ್ನು ನೋಡಿದಳು. ಮುಖ ಬಿಳುಪೇರಿತು.

"ಅಂದ್ರ ನಾನ ಕೆಡವಿದ್ನೇನ ನನ್ನ ಕೂಸನ್ನ?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಹೌದು ಎನ್ನಲು ನಾಲಿಗೆ ಏಳಲಿಲ್ಲ.

"ಕೆಡವಿದ್ದು ಗಾಲಿರಿ. ಅದಕ್ಕ ಏನ ಸಿಕ್ಕರೂ ಒಳಗ ಜಗ್ಗತೈತಿ. ಕೂದಲಾ ಜಗ್ಗತೈತಿ, ಹುಲ್ಲ ಜಗ್ಗತೈತಿ. ದೇವರ ದಾರಾ ಅಂತ ಅದಕ್ಕ ತಿಳೀತೈತೇನ್ರಿ?"

ನಿಂಗವ್ವ ಮಗಳ ಗದ್ದದ ಕಲೆಯನ್ನೇ ನೋಡುತ್ತ ಕುಳಿತಳು. ಕಸ್ತೂರಿಯೂ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕುಪ್ಪಸದ ತೋಳು ಮೇಲೆ ಸರಿಸಿ ರಟ್ಟೆಯನ್ನು ತಾಯಿಯ ಮುಂದೆ ಹಿಡಿದಳು.

"ಯವ್ವಾ, ಇಲ್ಲಿ ಕಟ್ಟ. ನಾ ಏನ ಗರಗರ ತಿರಗೂದಿಲ್ಲ."

ನಿಂಗವ್ವ ಅಳುತ್ತಲೇ ನಕ್ಕಳು. ಗಾಲಿಯ ದಾರ ಬಿಚ್ಚಿ ಮಗಳ ರಟ್ಟೆಗೆ ಕಟ್ಟಿದಳು. ತುದಿಯನ್ನು ನಾನು ಗಿಡ್ಡ ಮಾಡಿ ಕತ್ತರಿಸಿದೆ. ಕೈ ಬೀಸಿ ತಳ್ಳುವಾಗ ಗಾಲಿಯ ಕಡ್ಡಿಗೆ ಸಿಗಬಾರದು ನೋಡು. ಇಂಥ ಸಣ್ಣ ಮಾತನ್ನು ಬಿಡಬೇಡ.

ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಗಾಲಿ ನೋಡುವುದನ್ನು ಕಲಿಸಿದೆ. ನಿಂಗವ್ವ ಮುಂಭಾಗ ಎತ್ತುವುದು, ಕಸ್ತೂರಿ ಬಗ್ಗಿ ಗಾಲಿ ತಿರುವಿ ಬಿಡುವುದು. ದಾರ ಕಟ್ಟುತ್ತಿದ್ದ ಹೊತ್ತಿಗೇ ಅದನ್ನು ಮಾಡಿದರೆ ಮರೆಯುವುದಿಲ್ಲ ಎಂದೆ.

ಬಸುವಿಗೆ ದಾರದ ವಿಷಯ ನಾವು ಹೇಳಲಿಲ್ಲ. ಹೊಸ ಗಾಲಿ ಹಾಕಿದ್ದೇವೆ, ಗಾಲಿ ನೋಡುವುದನ್ನೂ ಕಲಿಸಿದ್ದೇವೆ ಎಂದೆವು. ಎರಡೂ ನಿಜವೇ. ಅವನು ಪೂರ್ತಿ ನಂಬಲಿಲ್ಲ. ಹೋಗುವುದಾದರೆ ಅವ್ವ ಹಿಂದೆ ಹಿಡಿಕೆ ಹಿಡಿದುಕೊಂಡೇ ಹೋಗಬೇಕು ಎಂದು ಕರಾರು ಹಾಕಿದ. ನಿಂಗವ್ವ ಕೂಲಿಗೆ ತಡವಾಗಿ ಹೋಗುವಂತಾಯಿತು. ಮುಂಜಾನೆ ಅಂಗಡಿಯವರೆಗೆ ಬಿಟ್ಟು, ಸಂಜೆ ಮತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳೆಂದರೆ, ಇಳಿಜಾರಿನಲ್ಲಿ ಕಸ್ತೂರಿ ಮುಂದಕ್ಕೆ ತಳ್ಳಿದರೆ ಅವಳು ಹಿಂದಕ್ಕೆ ಜಗ್ಗುತ್ತಿದ್ದಳು.

"ಕಾಕೂ, ನಿಮ್ಮ ಬ್ರೇಕಿಗಿಂತಾ ನಮ್ಮವ್ವನ ಬ್ರೇಕ್ ಜೋರ ಐತ್ರಿ. ಇದನ್ನ ಸಡಲ ಮಾಡೂ ಪಾನಾ ಐತೇನು?" ಎಂದು ಕಸ್ತೂರಿ ಕೇಳಿದ್ದಳು. ಅಂಥ ಪಾನಾ ನನ್ನ ಚೀಲದಲ್ಲಿ ಇರಲಿಲ್ಲ. ನಿಂಗವ್ವನಿಗೂ ಅದು ಬೇಕಿರಲಿಲ್ಲ. ತಾನೇ ಕೆಡವಿದೆ ಎಂಬ ಮಾತು ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಕೈ ಬಿಟ್ಟರೆ ಮತ್ತೆ ಬೀಳುತ್ತಾಳೆ ಎಂದೇ ಅವಳ ನಂಬಿಕೆ. ಕುರ್ಚಿ ಅಟ್ಟಕ್ಕೆ ಹೋಗಲಿಲ್ಲ, ಅಷ್ಟೇ. ಕಸ್ತೂರಿ ಒಬ್ಬಳೇ ಹೊರಗೆ ಹೋಗುವುದು ನಿಂತೇ ಹೋಗಿತ್ತು.

ಸುಜಾತಾ ಮೇಡಂಗೆ ನಡೆದದ್ದನ್ನು ಹೇಳಿದೆವು. ಅವರು ಹೊಸ ಪದ್ಧತಿ ಮಾಡಿದರು. ಒಂದೇ ತೊಂದರೆ ಎರಡನೆಯ ಸಲ ಬಂದರೆ ಗಾಲಿಯನ್ನಷ್ಟೇ ನೋಡಿ ಬರಬಾರದು. ಮುಂಜಾನೆ ಮನೆಗೆ ಹೋಗಿ, ಕುರ್ಚಿ ಎಲ್ಲಿ ನಿಲ್ಲುತ್ತದೆ, ಯಾರು ಮುಟ್ಟುತ್ತಾರೆ, ಏನು ಒರೆಸುತ್ತಾರೆ, ಏನು ಕಟ್ಟುತ್ತಾರೆ ಎಂದು ನೋಡಿಯೇ ಪಾನಾ ಹಿಡಿಯಬೇಕು. ಹಾಗೆ ಹೋದ ಮೇಲೆ ಬೇರೆ ಸಂಗತಿಗಳೂ ಕಂಡವು. ದಸರೆಯ ಖಂಡೆ ಪೂಜೆಗೆ ಹೊಳಪು ಬರಲೆಂದು ಟೈರಿಗೆ ಕೊಬ್ಬರಿ ಎಣ್ಣೆ ಸವರಿ, ಬ್ರೇಕು ಜಾರುತ್ತದೆ ಎಂದು ನಮಗೆ ಹೇಳಿ ಕಳಿಸಿದವರಿದ್ದರು. ಗಾಲಿಗೆ ಚೆಂಡು ಹೂವಿನ ಮಾಲೆ ಹಾಕಿ ಬಿಚ್ಚಲು ಮರೆತವರಿದ್ದರು. ಯಾರಿಗೂ ಬೇಡ ಎಂದು ನಾವು ಹೇಳಲಿಲ್ಲ. ಪೂಜೆ ಮಾಡಿ, ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿರಿ, ಹೂವು ಹಿಂದಿನ ಹಿಡಿಕೆಗೆ ಹಾಕಿರಿ ಎಂದೆವು.

ಕಬ್ಬಿನ ಹಂಗಾಮು ಬಂತು. ಸರ್ವಿಸ್ ರಸ್ತೆಯ ತುಂಬ ಕಬ್ಬಿನ ರವುದಿ, ಉದುರಿದ ಒಣ ಗರಿ. ಹತ್ತರಗಿಗೆ ಹೋದಾಗಲೆಲ್ಲ ನಾನು ಮೊದಲು ಕಸ್ತೂರಿಯ ಸಣ್ಣ ಗಾಲಿ ಎತ್ತಿ ನೋಡುತ್ತಿದ್ದೆ. ಒಂದೆರಡು ಕೂದಲು, ರವುದಿಯ ಎಳೆ, ಅಷ್ಟೇ. ಗಾಲಿ ತಿರುವಿ ಬಿಟ್ಟರೆ ಸಪ್ಪಳವಿಲ್ಲದೆ ಬಹಳ ಹೊತ್ತು ತಿರುಗುತ್ತಿತ್ತು. "ನೋಡ್ರಿ ಅಕ್ಕಾರ, ಇನ್ನೂ ತಿರಗಾಕತ್ತೈತಿ," ಎಂದು ನಿಂಗವ್ವನಿಗೆ ತೋರಿಸುತ್ತಿದ್ದೆ. ಅವಳು ಗಾಲಿ ತಾನಾಗಿ ನಿಲ್ಲುವವರೆಗೂ ನೋಡುತ್ತಿದ್ದಳು. ನೋಡಿ ಮತ್ತೆ ಹಿಡಿಕೆ ಹಿಡಿಯುತ್ತಿದ್ದಳು.

ಹಂಗಾಮು ಮುಗಿಯುವ ಹೊತ್ತಿಗೆ ಹತ್ತರಗಿಯ ಸಾಲಿಯ ಅಂಗಳದಲ್ಲಿ ನಮ್ಮ ಶಿಬಿರ ಇತ್ತು. ನಾನು ಬೇವಿನ ನೆರಳಲ್ಲಿ ಚೀಲ ಹಾಸಿಕೊಂಡು ಯಾರದೋ ಗಾಲಿಯ ಕಡ್ಡಿ ಬಿಗಿಯುತ್ತಿದ್ದೆ. ನನ್ನ ಮುಂದೆ ಎರಡು ಸಣ್ಣ ಗಾಲಿಗಳು ಬಂದು ನಿಂತವು. ಮುಖ ನೋಡುವ ಮೊದಲೇ ಯಾರದೆಂದು ಗೊತ್ತಾಯಿತು.

"ನೋಡ್ರಿ ಕಾಕೂ, ಏನರೆ ತಿಂದಾವೇನು," ಎಂದಳು ಕಸ್ತೂರಿ. ಹಣೆಯಲ್ಲಿ ಬೆವರಿತ್ತು, ಏದುಸಿರು ಬಿಡುತ್ತಿದ್ದಳು.

ನಾನು ಗಾಲಿ ಎತ್ತಲು ಬಗ್ಗಿದವಳು ಅವಳ ಹಿಂದೆ ನೋಡಿದೆ. ಹಿಡಿಕೆಯ ಹತ್ತಿರ ಯಾರೂ ಇರಲಿಲ್ಲ.

"ಅವ್ವ ಎಲ್ಲಿ?"

"ಹಿಂದ ಬರಾಕತ್ತಾಳ್ರಿ."

ಸಾಲಿಯ ಗೇಟಿನವರೆಗೂ ನೋಡಿದೆ. ರಸ್ತೆ ಖಾಲಿ ಇತ್ತು.

"ಎಲ್ಲಿ ಹಿಂದ?"

"ಬಸ್ ಸ್ಟ್ಯಾಂಡ್ ಹೋಟೆಲದಾಗ ಕುಂತಾಳ್ರಿ. ಅಲ್ಲೀಮಟಾ ಹಿಡಕೊಂಡ ಬಂದ್ಲು. ಆಮ್ಯಾಲ 'ನೀ ನಡಿ, ನಾ ಒಂದ ಕಪ್ಪ ಚಾ ಕುಡದ ಬರತೇನಿ' ಅಂದ್ಲು." ಕಸ್ತೂರಿ ದನಿ ತಗ್ಗಿಸಿದಳು. "ನಾ ತಿರಗಿ ನೋಡಲಿಲ್ರಿ. ನೋಡಿದ್ರ ಎದ್ದ ಬರತಿದ್ಲು."

ಬಸ್ ಸ್ಟ್ಯಾಂಡ್ ಇರುವುದು ಇಳಿಜಾರಿನ ಮೇಲ್ಗಡೆ. ಅಲ್ಲಿಂದ ಸಾಲಿಗೆ ಬರಬೇಕಾದರೆ ಅವಳು ಎರಡು ಸಲ ಬಿದ್ದ ಆ ಇಳಿಜಾರನ್ನು ದಾಟಲೇಬೇಕು. ಎರಡೂ ಗಾಲಿ ತಿರುವಿ ನೋಡಿದೆ, ಕೂದಲು ತೆಗೆದೆ, ಗ್ರೀಸು ತುಂಬಿದೆ, ಟೈರಿಗೆ ಗಾಳಿ ಹೊಡೆದೆ. ಅಷ್ಟೂ ಮುಗಿದ ಮೇಲೆ ನಿಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಗೇಟಿನಲ್ಲಿ ಕಾಣಿಸಿದಳು. ಓಡಿ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬಳ ಜೊತೆ ನಿಂತು ಮಾತಾಡಿ, ಆಮೇಲೆ ನಮ್ಮ ಕಡೆ ಬಂದು ನೆರಳಲ್ಲಿ ಕುಳಿತಳು.

"ಚಾ ಭಾಳ ಬಿಸಿ ಇತ್ತ ತಂಗಿ," ಎಂದಳು. "ಆರಿಸಿಕೊಂಡ ಕುಡದೆ."